ನೆರಳು ಇಳಿಸಿದ ವರ್ಷ

ಆ ಕಾಲದ ಮಕ್ಕಳು ಚಿತ್ರ ಬರೆಯುವಾಗ ಆಕಾಶಕ್ಕೆ ಬಣ್ಣ ಹಚ್ಚುತ್ತಿರಲಿಲ್ಲ. ಕಾಗದವೂ ಬಿಳಿ, ಆಕಾಶವೂ ಬಿಳಿ. ಸುಮ್ಮನೆ ಬಣ್ಣ ಯಾಕೆ ಹಾಳು ಮಾಡಬೇಕು? ಅಘನಾಶಿನಿ ನದಿ ಕಡಲು ಸೇರುವ ಕಡೆ, ಕಡಬೇಣ ಎಂಬ ಊರಿನಲ್ಲಿ, ಇಂಚರ ಎಂಬ ಹುಡುಗಿ ದೋಣಿ, ಸೀಗಡಿ, ಕನ್ನಡಕದ ಅಜ್ಜಿ ಎಲ್ಲವನ್ನೂ ಬರೆದು, ಮೇಲಿನ ಅರ್ಧ ಕಾಗದವನ್ನು ಖಾಲಿ ಬಿಟ್ಟು ತಂದು ತೋರಿಸಿದಾಗಲೆಲ್ಲ ಅವಳ ಅಜ್ಜಿ ಕುಮುದಾ ಆ ಖಾಲಿ ಜಾಗದ ಮೇಲೆ ಬೆರಳಾಡಿಸುತ್ತಿದ್ದಳು. ಆಕಾಶಕ್ಕೆ ಆ ಬಿಳಿಯನ್ನು ಮೊದಲು ಹಚ್ಚಿದವರಲ್ಲಿ ಅವಳೂ ಒಬ್ಬಳು.

ಹಚ್ಚಿದ್ದು ಹೇಗೆ ಎನ್ನುವುದು ಬಹಳ ಕಷ್ಟದ ವಿಷಯವೇನಲ್ಲ. ಕಡಲಿನಲ್ಲಿ ಸಾಲಾಗಿ ಗೋಪುರಗಳನ್ನು ನಿಲ್ಲಿಸಿದರು. ಅವು ಸಮುದ್ರದ ನೀರನ್ನು ಹೀರಿ, ಹೊಗೆಗಿಂತ ಸಣ್ಣ ಹನಿ ಮಾಡಿ ಮೇಲಕ್ಕೆ ಊದುತ್ತಿದ್ದವು. ಹನಿ ಆರಿ ಉಪ್ಪಿನ ಕಣ ಉಳಿಯುತ್ತದೆ, ಕಣ ಮುಗಿಲು ಸೇರುತ್ತದೆ, ಒಂದೊಂದು ಕಣವೂ ತನ್ನ ಸುತ್ತ ಒಂದೊಂದು ಹನಿ ಕಟ್ಟಿಕೊಳ್ಳುತ್ತದೆ. ಸಣ್ಣ ಹನಿ ಹೆಚ್ಚಾದಷ್ಟೂ ಮುಗಿಲು ಬೆಳ್ಳಗಾಗುತ್ತದೆ. ಬೆಳ್ಳಗಾದಷ್ಟೂ ಬಿಸಿಲನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ಜನ ಇದಕ್ಕೆ ನೆರಳು ಎಂದರು. ಒಂದೇ ತೊಂದರೆ. ಮೇಲೆ ಹೋದ ಉಪ್ಪು ಕೆಲವೇ ದಿನಗಳಲ್ಲಿ ಮಳೆಯ ಜೊತೆ ಕೆಳಗಿಳಿಯುತ್ತದೆ. ಆದ್ದರಿಂದ ಊದುತ್ತಲೇ ಇರಬೇಕು. ಕೊಡೆ ಹಿಡಿದ ಕೈ ನೋಯುತ್ತದೆಂದು ಇಳಿಸುವಂತಿಲ್ಲ.

ಮೊದಲ ಗೋಪುರ ಊದಿದ ದಿನ ಕುಮುದಾ ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರು. ಊರಿಡೀ ಪಾಯಸ ಮಾಡಿತ್ತು. ಹತ್ತು ವರ್ಷದ ಮಟ್ಟಿಗೆ ಮಾತ್ರ ಈ ನೆರಳು, ಅಷ್ಟರೊಳಗೆ ನಾಡಿನ ಹೊಗೆಯೆಲ್ಲ ಕಡಿಮೆ ಮಾಡಿಬಿಡೋಣ ಎಂದು ದೊಡ್ಡವರೆಲ್ಲ ವೇದಿಕೆ ಹತ್ತಿ ಹೇಳಿದ್ದರು. ನೆರಳು ಸಿಕ್ಕ ಮೇಲೆ ಬಿಸಿಲಿನ ಮಾತು ಯಾರಿಗೆ ಬೇಕು! ಹೊಗೆ ಹೆಚ್ಚುತ್ತಲೇ ಹೋಯಿತು, ನೆರಳು ಅದನ್ನು ಮುಚ್ಚಿಡುತ್ತಲೇ ಬಂತು. ಈಗ ಗೋಪುರಗಳನ್ನು ಒಮ್ಮೆಗೇ ನಿಲ್ಲಿಸಿದರೆ ಅಷ್ಟು ವರ್ಷಗಳ ಬಿಸಿಯೆಲ್ಲ ಕೂಡಿ ಎರಡೇ ಬೇಸಿಗೆಯಲ್ಲಿ ತಲೆಯ ಮೇಲೆ ಬೀಳುತ್ತದೆ. ಉಳಿದ ದಾರಿ ಒಂದೇ: ಹೊಗೆ ಕಡಿಮೆ ಮಾಡುತ್ತ, ವರ್ಷಕ್ಕೊಂದು ಮೆಟ್ಟಿಲಿನಂತೆ ಕೆಲವು ಗೋಪುರ ನಿಲ್ಲಿಸುತ್ತ, ನೆರಳನ್ನು ನಿಧಾನವಾಗಿ ಇಳಿಸುವುದು. ಒಂದು ವರ್ಷ ತಪ್ಪಿಸಿದರೆ ಮುಂದಿನ ಮೆಟ್ಟಿಲುಗಳೆಲ್ಲ ಇನ್ನಷ್ಟು ಎತ್ತರವಾಗುತ್ತವೆ. ಆ ಎತ್ತರವನ್ನು ಇಳಿಯಬೇಕಾದವರು ಆಮೇಲೆ ಹುಟ್ಟುವವರು.

ತಪ್ಪಿಸಿದವರು ಯಾರು ಎಂದು ಕೇಳಿದರೆ ಕುಮುದಾ ದೂರ ಹೋಗಬೇಕಾಗಿರಲಿಲ್ಲ. ಅವಳ ಗಂಡ ವಿಠೋಬ ನಾಯಕರೇ ನೆರಳು ಖಾತೆಯ ಮಂತ್ರಿಯಾಗಿದ್ದವರು. ಒಂದಲ್ಲ, ಎರಡಲ್ಲ, ಚುನಾವಣೆಯ ಮೇಲೆ ಚುನಾವಣೆ ಗೆದ್ದವರು. ಕರಾವಳಿಯ ಜನ ಅವರನ್ನು ನೆರಳಿನ ನಾಯಕರು ಎಂದೇ ಕರೆಯುತ್ತಿದ್ದರು. ಮೆಟ್ಟಿಲು ಇಳಿಸುವ ದಿನ ಹತ್ತಿರ ಬಂದಾಗಲೆಲ್ಲ ಅವರು ಊಟದ ಎಲೆಯ ಮುಂದೆ ಕೂತು, ಮೀನಿನ ಮುಳ್ಳು ಬಿಡಿಸುತ್ತ, ಅರ್ಧ ನಕ್ಕು ಹೇಳುತ್ತಿದ್ದರು: "ಇದೊಂದು ವರ್ಷ, ಕುಮುದಾ. ಚುನಾವಣೆ ಒಂದು ಕಳೀಲಿ." ಇಳಿಕೆಯನ್ನು ತಡೆಯಬೇಕಾದರೆ ಮಂತ್ರಿಯ ಆದೇಶ ಮತ್ತು ಮುಖ್ಯ ಎಂಜಿನಿಯರಿನ ಕೀಲಿ ಎರಡೂ ಬೇಕೆಂದು ಕಾನೂನು. ಆದೇಶ ಗಂಡನದು, ಕೀಲಿ ಹೆಂಡತಿಯದು. ಅವಳು ಪ್ರತಿ ಸಲ ಗೊಣಗಿದಳು, ಪ್ರತಿ ಸಲ ಕೀಲಿ ತಿರುಗಿಸಿದಳು.

ಕೊನೆಗೆ ಹೊಸ ತಲೆಮಾರಿನವರು ಸದನಕ್ಕೆ ಬಂದು, ಹಟ ಹಿಡಿದು, ಹೋದ ವರ್ಷ ಮೊದಲ ಮೆಟ್ಟಿಲು ಇಳಿಸಿದರು. ಆ ಬೇಸಿಗೆ ಹೇಗಿತ್ತು ಎಂದು ಕಡಬೇಣದಲ್ಲಿ ಯಾರೂ ಮಾತಾಡುವುದಿಲ್ಲ. ಕರಾವಳಿಯ ಸೆಖೆ ಬಿಸಿಲಿನಂತೆ ಸುಡುವುದಿಲ್ಲ. ಬೆವರು ಆರಲು ಬಿಡದೆ ಮೈಯನ್ನು ಒಳಗಿನಿಂದ ಬೇಯಿಸುತ್ತದೆ. ಎಳೆಯರು ಹೇಗೋ ತಡೆದರು. ಮುದುಕರು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ವಿದ್ಯುತ್ತು ಎಲ್ಲರ ಮನೆಗೆ ಸಾಲದ್ದರಿಂದ ಊರಿಗೊಂದು ತಂಪುಮನೆ ಕಟ್ಟಿಸಿದ್ದರು. ಅಲ್ಲಿ ಚಾಪೆಗೆ ಚಾಪೆ ತಾಗಿಸಿ ಊರಿನ ಹಿರಿಯರೆಲ್ಲ ಮಲಗುತ್ತಿದ್ದರು. ಈಗ ಎರಡನೆಯ ಮೆಟ್ಟಿಲಿನ ಸರದಿ. ದಿನ, ಯುಗಾದಿಯ ಮರುದಿನ. ಮುಖ್ಯ ಎಂಜಿನಿಯರಿನ ಕೆಲಸ ಬಿಟ್ಟು ವರ್ಷಗಳಾಗಿದ್ದರೂ, ಇಳಿಕೆ ಮುಗಿಯುವವರೆಗೆ ಕೀಲಿ ಕುಮುದಾಳ ಬಳಿಯೇ ಇರಲಿ ಎಂದು ಸದನ ಹೇಳಿತ್ತು. ಹತ್ತಿಸಿದವರೇ ಇಳಿಸಲಿ ಎಂಬ ಲೆಕ್ಕಾಚಾರ.

ನೆರಳು ಖಾತೆಯ ಮಂತ್ರಿ ಈಗ ಯಾರು ಎಂದಿರಾ? ಕುಮುದಾ ಮತ್ತು ವಿಠೋಬ ನಾಯಕರ ಮಗಳು, ಇಂಚರಳ ತಾಯಿ, ಶರ್ವಾಣಿ.

ಶರ್ವಾಣಿ ಆ ಫಾಲ್ಗುಣದಲ್ಲಿ ಮನೆಗೆ ಬಂದಾಗ ವಿಠೋಬ ನಾಯಕರು ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಹೃದಯ ಸೋತಿತ್ತು, ಕಾಲು ಬಾತಿತ್ತು. ಮಂತ್ರಿಯ ತಂದೆ ಎಂಬ ಕಾರಣಕ್ಕೆ ಆ ಕೋಣೆಗೆ ಮಾತ್ರ ತಂಪು ಯಂತ್ರದ ಪರವಾನಗಿ ಸಿಕ್ಕಿತ್ತು. ಶರ್ವಾಣಿ ಅಪ್ಪನ ಕಾಲಿನ ಬಳಿ ಕೂತು, ಪಾದ ಒತ್ತುತ್ತ, ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗದೆಯೇ ಮಾತು ತೆಗೆದಳು.

"ಅವ್ವಾ, ಡಾಕ್ಟ್ರು ಎಂತ ಹೇಳಿದ್ರು ಗೊತ್ತಲ್ಲ? ಹೋದ ವರ್ಷದಷ್ಟು ಸೆಖೆ ಬಂದ್ರೂ ಅಪ್ಪ ತಡ್ಕಣೂದಿಲ್ಲ. ಇನ್ನೊಂದು ಮೆಟ್ಲು ಇಳಿಸಿದ್ರೆ ಕೇಳೂದೇ ಬ್ಯಾಡ. ಕರೆಂಟು ಒಂದು ತಾಸು ಹೋದ್ರೂ ಸಾಕು."

"ಅಪ್ಪನ ಕೋಣೆಗೆ ಯಂತ್ರ ಅದೆಯಲ್ಲ," ಎಂದಳು ಕುಮುದಾ.

"ಅಪ್ಪಂಗೆ ಅದೆ. ತಂಪುಮನೇಲಿ ಮಲಗಿದೋರಿಗೆ? ಗಿರಿಯಮ್ಮಂಗೆ? ಬೊಮ್ಮಯ್ಯಂಗೆ? ಅವರ ಮಕ್ಕಳೆಲ್ಲ ನನ್ನ ಕೈ ಹಿಡ್ದು ಅಳ್ತಾರೆ. ನಾ ಎಂತ ಹೇಳ್ಲಿ?" ಶರ್ವಾಣಿ ಈಗ ತಾಯಿಯನ್ನು ನೋಡಿದಳು. ಅರ್ಧ ನಕ್ಕಳು. "ಇದೊಂದು ವರ್ಷ, ಅವ್ವಾ. ಚುನಾವಣೆಯೂ ಕಳೀತದೆ. ಬರೂ ವರ್ಷ ಎರಡು ಮೆಟ್ಲು ಒಟ್ಟಿಗೇ ಇಳ್ಸ್ವ."

ಅದೇ ಮಾತು, ಅದೇ ನಗು. ತುಟಿಯ ಎಡ ಮೂಲೆ ಮೇಲೇಳುವ ರೀತಿಯೂ ಅದೇ. ಎರಡೂ ಗಂಡನವು ಎಂದು ಕುಮುದಾ ಕಂಡಳು. ಶರ್ವಾಣಿ ಮಗುವಾಗಿದ್ದಾಗ ಅದೇ ಊಟದ ಪಂಕ್ತಿಯಲ್ಲಿ ಕೂತು ಈ ಮಾತನ್ನು ಕೇಳುತ್ತ ಬೆಳೆದವಳಲ್ಲವೇ! ತಾವು ಮಗಳಿಗೆ ಹೇಳಿಕೊಟ್ಟದ್ದು ಬೇರೆ, ಅವಳು ಕಲಿತದ್ದು ಬೇರೆ. ಕಲಿಸಿದವರು ಮಾತ್ರ ತಾವೇ.

ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ವಿಠೋಬ ನಾಯಕರೂ ಕೇಳಿಸಿಕೊಂಡಿದ್ದರು. ಶರ್ವಾಣಿಯ ಕಾರು ಹೋದ ಮೇಲೆ ಹೆಂಡತಿಯನ್ನು ಕರೆದರು.

"ಕುಮುದಾ, ನಿಮ್ಮೂರ ಗಜನಿ ಕಟ್ಟೆ ಒಡೆದಾಗ ನಿನ್ನಜ್ಜ ಎಲ್ಲಿ ನಿಂತಿದ್ದ ಅಂತ ಹೇಳಿದ್ದೆ?"

ಮದುವೆಯ ಹೊಸತರಲ್ಲಿ ಅವಳೇ ಅವರಿಗೆ ಹೇಳಿದ ಕಥೆ. ಅವಳ ತವರಿನಲ್ಲಿ ಹೊಳೆಯ ಹಿನ್ನೀರಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರು ನುಗ್ಗದ ಹಾಗೆ ಸುತ್ತಲೂ ಮಣ್ಣಿನ ಕಟ್ಟೆ. ಭರತದ, ಅಂದರೆ ಉಬ್ಬರದ, ರಭಸಕ್ಕೆ ಕಟ್ಟೆ ಒಡೆದರೆ ಮನೆಗೊಬ್ಬರಂತೆ ಎಲ್ಲರೂ ಓಡಬೇಕು. ಸಾಲಾಗಿ ನಿಂತು ಮಣ್ಣಿನ ಹೆಂಟೆ ಕೈಯಿಂದ ಕೈಗೆ ದಾಟಿಸಿ ಬಿರುಕು ಮುಚ್ಚಬೇಕು. ಆ ಸಾಲಿನಲ್ಲಿ ಎಳೆಯರು ಮೇಲೆ, ದಡದಲ್ಲಿ. ನೀರು ನುಗ್ಗುವ ಬಾಯಲ್ಲಿ, ಎಲ್ಲಕ್ಕಿಂತ ಕೆಳಗೆ, ಊರಿನ ಅತಿ ಹಿರಿಯ. ಕಟ್ಟೆ ಯಾರನ್ನಾದರೂ ಎಳೆದುಕೊಳ್ಳುವುದಾದರೆ ಅದನ್ನು ಕಟ್ಟಿದವನನ್ನೇ ಎಳೆದುಕೊಳ್ಳಲಿ ಎಂದು. ಇದಕ್ಕೆ ಯಾರೂ ಯಾರನ್ನೂ ಒತ್ತಾಯಿಸುತ್ತಿರಲಿಲ್ಲ. ಅಜ್ಜ ಪಂಚೆ ಬಿಗಿದು ಸುಮ್ಮನೆ ಇಳಿಯುತ್ತಿದ್ದ, ಅಷ್ಟೆ.

"ಕೆಳಗೆ," ಎಂದಳು ಕುಮುದಾ. "ನೀರಲ್ಲಿ."

"ನಾನು ಎಲ್ಲಿ ಮಲಗಿದ್ದೇನೆ ನೋಡು." ಅವರು ಗೋಡೆಯ ಮೇಲಿನ ತಂಪು ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದರು. "ನನ್ನನ್ನ ತಂಪುಮನೆಗೆ ಒಯ್ಯಿ."

"ನಿಮಗೆ ಹುಚ್ಚಾ? ಅಲ್ಲಿ ನಾಕು ದಿನ ತಡೀತ್ರಾ ನೀವು?"

"ತಡಿಯೂದಿಲ್ಲ," ಎಂದರು ವಿಠೋಬ ನಾಯಕರು. "ಅದು ನಂಗೂ ಗೊತ್ತದೆ."

ಅವಳು ಬೈದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಜೀವನವಿಡೀ ಹಟದಿಂದ ಚುನಾವಣೆ ಗೆದ್ದ ಮನುಷ್ಯ, ಸಾಯುವಾಗ ಸೋಲುವನೇ? ಮೂರನೆಯ ದಿನ ಆಂಬುಲೆನ್ಸಿನಲ್ಲಿ ಕರೆದೊಯ್ದು ತಂಪುಮನೆಯ ಚಾಪೆಯ ಮೇಲೆ ಮಲಗಿಸಿದರು.

ತಂಪುಮನೆ ಎಂದರೆ ಉದ್ದನೆಯ ಒಂದು ಹಜಾರ. ಗೋಡೆಯೊಳಗೆ ತಣ್ಣೀರಿನ ಕೊಳವೆ, ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು. ಬಾಗಿಲಿನ ಹತ್ತಿರ ಸೆಖೆ ಹೆಚ್ಚು, ಒಳಗೆ ಹೋದಂತೆ ಕಡಿಮೆ. ನೆರಳಿನ ನಾಯಕರು ಬಂದರೆಂದು ಗೊತ್ತಾದದ್ದೇ, ಕೂರಲಾಗದವರೂ ಎದ್ದು ಕೂತರು. ಒಳಗಿನ ತಂಪು ಜಾಗ ಬಿಟ್ಟುಕೊಡಲು ತಾ ಮುಂದು ನಾ ಮುಂದು ಎಂದರು. ಅವರು ಬಾಗಿಲ ಬಳಿಯೇ ಸಾಕೆಂದರು. ಪಕ್ಕದ ಚಾಪೆಯ ಗಿರಿಯಮ್ಮ, ಉಪ್ಪಿನ ಆಗರದಲ್ಲಿ ದುಡಿದು ಬೆನ್ನು ಬಾಗಿದ ಮುದುಕಿ, ಹತ್ತಿರ ಸರಿದು ಅವರ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ, ನಾಯಕ್ರೆ. ನೀವು ನೆರಳು ಕೊಟ್ರಿ ಅಂತ ನಾಕು ಮಕ್ಕಳ್ನ ಸಾಕ್ದೆ."

ಆಕೆಯ ಗಂಡ ಬೊಮ್ಮಯ್ಯ ಮಲಗಿದಲ್ಲಿಂದಲೇ ಕೈ ಮುಗಿದ.

ವಿಠೋಬ ನಾಯಕರ ಮುಖ ಸಣ್ಣದಾಯಿತು. "ನಾ ಕೊಡ್ಲಿಲ್ಲ, ಗಿರಿಯಮ್ಮ," ಎಂದರು. "ನಿನ್ನ ಮೊಮ್ಮಕ್ಕಳ ಮೇಲಿಂದ ಎಳ್ದು ನಿಂಗೆ ಹೊದೆಸ್ದೆ. ಪ್ರತಿ ಸಲ ಇಳಿಸ್ಬೇಕಿತ್ತು, ಪ್ರತಿ ಸಲ ತಪ್ಪಿಸ್ದೆ. ಓಟಿಗೋಸ್ಕರ. ಆವಾಗ್ಲೇ ಚೂರು ಚೂರು ಇಳಿಸಿದ್ರೆ ಈಗ ನೀವು ಹಿಂಗೆ ಮಲಗ್ತಿರ್ಲಿಲ್ಲ."

ಗಿರಿಯಮ್ಮ ಕುಮುದಾಳ ಕಡೆ ತಿರುಗಿ ಮೆಲ್ಲಗೆ, "ಒಡೆಯರಿಗೆ ಜ್ವರ ತಲೆಗೇರಿದ್ಹಂಗೆ ಕಾಣ್ತದೆ," ಎಂದಳು. ಒದ್ದೆ ಬಟ್ಟೆ ತಂದು ಅವರ ಹಣೆಗೆ ಹಾಕಿದಳು.

ಅವರು ಮತ್ತೆ ಮತ್ತೆ ಹೇಳಿದರು. ಬಂದವರಿಗೆಲ್ಲ ಹೇಳಿದರು. ಯಾರೂ ನಂಬಲಿಲ್ಲ. ಎಂಥ ದೊಡ್ಡ ಮನಸ್ಸು, ಇನ್ನೊಬ್ಬರ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಳ್ಳುತ್ತಾರೆ ಎಂದು ಕಣ್ಣೀರು ಒರೆಸಿಕೊಂಡರು. ಒಳ್ಳೆಯವನೆಂದು ನಂಬಿಸಲು ಜೀವನವಿಡೀ ಹೆಣಗಿದ ಮನುಷ್ಯನಿಗೆ ಕೊನೆಯ ದಿನಗಳಲ್ಲಿ ತಾನು ಅಷ್ಟು ಒಳ್ಳೆಯವನಲ್ಲ ಎಂದು ಒಬ್ಬರನ್ನೂ ನಂಬಿಸಲಾಗಲಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ನ್ಯಾಯಾಲಯ ಕೊಟ್ಟೀತು?

ಒಂದು ಮಧ್ಯಾಹ್ನ ಅವರು ಕುಮುದಾಳ ಕೈ ಹಿಡಿದು, "ನೀನು ನಂಬ್ತೆ ಅಲ್ದಾ?" ಎಂದು ಕೇಳಿದರು. ಅವಳು, "ನಾ ನಿಮ್ಮ ಜೊತೇಲೇ ಇದ್ನಲ್ಲ," ಎಂದಳು. ಅಷ್ಟು ಸಾಕಾಯಿತು ಅವರಿಗೆ. ಯುಗಾದಿಗೆ ಇನ್ನೂ ಒಂದು ವಾರ ಇರುವಾಗ ಹೋಗಿಬಿಟ್ಟರು.

ಸಂಸ್ಕಾರಕ್ಕೆ ಇಡೀ ಕರಾವಳಿ ಬಂದಿತ್ತು. ಚಿತೆ ಇನ್ನೂ ಉರಿಯುತ್ತಿರುವಾಗಲೇ ಜನ ಶರ್ವಾಣಿಯನ್ನು ಸುತ್ತುವರಿದರು. ಅವಳ ಕಣ್ಣು ಊದಿಕೊಂಡಿತ್ತು, ಧ್ವನಿ ಒಡೆದಿತ್ತು. ಅದರಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ ಎಂದು ಅವಳ ತಾಯಿ ಬಲ್ಲಳು. "ನಮ್ಮಪ್ಪ ನಿಮ್ಮ ನಡುವೆ ಮಲಗಿ ಪ್ರಾಣ ಬಿಟ್ರು," ಎಂದಳು ಶರ್ವಾಣಿ. "ಅವರ ಹೆಸರಲ್ಲಿ ಹೇಳ್ತೇನೆ, ಈ ವರ್ಷ ನೆರಳು ಇಳಿಯೂದಿಲ್ಲ." ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಯಾರೋ ನೆರಳಿನ ನಾಯಕರಿಗೆ ಜಯವಾಗಲಿ ಎಂದು ಕೂಗಿದರು. ಕುಮುದಾ ಉರಿಯುವ ಚಿತೆಯನ್ನು ನೋಡುತ್ತ ನಿಂತಳು. ಸತ್ತ ಮೇಲೂ ಆ ಮನುಷ್ಯನ ಹೆಸರಿನಲ್ಲಿ ಇನ್ನೊಂದು ವರ್ಷ ಕೇಳಿದ್ದಾಯಿತು.

ಯುಗಾದಿಯ ಮರುದಿನ ಬೆಳಿಗ್ಗೆ ಕುಮುದಾ ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ಹೋದಳು. ದೊಡ್ಡ ಪರದೆಯ ಮೇಲೆ ಗೋಪುರಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು. ಇಳಿಸಬೇಕಾದ ದಕ್ಷಿಣದ ಸಾಲು ಹಳದಿಯಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅವು ತಾವಾಗಿಯೇ ನಿಲ್ಲುತ್ತವೆ. ಒಮ್ಮೆ ನಿಂತರೆ ಊದುವ ಬಾಯಿಗಳಲ್ಲಿ ಉಪ್ಪು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿಚ್ಚಿ ತೊಳೆದು ಮತ್ತೆ ನಡೆಸಬೇಕೆಂದರೆ ವರ್ಷವೇ ಬೇಕು. ತಡೆಯುವುದಾದರೆ ಅದಕ್ಕೂ ಮೊದಲು ಆದೇಶದ ಜೊತೆ ಕೀಲಿ ತಿರುಗಬೇಕು.

ಹನ್ನೊಂದಕ್ಕೆ ಶರ್ವಾಣಿ ತಾನೇ ಆದೇಶ ಹಿಡಿದು ಬಂದಳು. ಸಿಬ್ಬಂದಿಯನ್ನು ಹೊರಗೆ ಕಳಿಸಿದಳು. ಇಂಚರಳನ್ನೂ ಕರೆತಂದಿದ್ದಳು, ಹುಡುಗಿ ಮೂಲೆಯಲ್ಲಿ ಕೂತು ಕಾಗದ ಬಿಡಿಸಿಕೊಂಡಿತು. ಬೇಕೆಂದೇ ಕರೆತಂದಳೋ, ನೋಡಿಕೊಳ್ಳುವವರಿಲ್ಲದೆ ಕರೆತಂದಳೋ, ಕುಮುದಾ ಕೇಳಲಿಲ್ಲ.

"ಕೀಲಿ ಹಾಕು, ಅವ್ವಾ."

ಕುಮುದಾ ಕೀಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು.

"ಈ ಬೇಸಿಗೇಲಿ ಸಾಯೋರ ಹೆಸರೆಲ್ಲ ನಂಗೆ ಗೊತ್ತದೆ," ಎಂದಳು ಶರ್ವಾಣಿ. "ನಿಂಗೂ ಗೊತ್ತದೆ. ತಂಪುಮನೇಲಿ ಮಲಗಿದಾರೆ, ಹೋಗಿ ಮುಖ ನೋಡ್ಬಹುದು. ಇನ್ನು ಐವತ್ತು ವರ್ಷಕ್ಕೆ ಸಾಯೋರ ಹೆಸರು ಯಾರಿಗೆ ಗೊತ್ತು? ಅವರಿಗೋಸ್ಕರ ಇವರನ್ನ ಕೊಲ್ತ್ಯಾ?"

"ಒಬ್ಬಳ ಹೆಸರು ಗೊತ್ತದೆ," ಎಂದು ಕುಮುದಾ ಮೂಲೆಯ ಕಡೆ ನೋಡಿದಳು.

ಶರ್ವಾಣಿಯೂ ಅತ್ತ ನೋಡಿದಳು. ಆಮೇಲೆ ಸಿಟ್ಟು ಬಂತು. "ಅಪ್ಪ ಹೇಳಿದಾಗೆಲ್ಲ ತಿರುಗಿಸ್ದೆ. ಒಂದ್ ಸಲನೂ ಇಲ್ಲ ಅನ್ಲಿಲ್ಲ. ಈಗ ನಾ ಕೇಳಿದ್ರೆ ಮಾತ್ರ ನಿಂಗೆ ಧರ್ಮ ಗಿರ್ಮ ಎಲ್ಲ ನೆನಪಾಗ್ತದಾ?"

"ಹೌದು," ಎಂದಳು ಕುಮುದಾ. ಮಗಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ಆವಾಗ್ಲೇ ಇಲ್ಲ ಅಂದಿದ್ರೆ ಇವತ್ತು ನಿಂಗೆ ಕೇಳೂ ಗತಿ ಬರ್ತಿರ್ಲಿಲ್ಲ. ತಪ್ಪು ನಂದೇ, ಮಗಾ. ಆದ್ರೆ ಇವತ್ತು ತಿರುಗಿಸಿದ್ರೆ, ನಾಳೆ ಇದೇ ಕುರ್ಚಿ ಎದುರು ನಿಂತು ಇವಳು ನಿನ್ನ ಹತ್ರ ಕೇಳ್ತಾಳೆ. ಇದೇ ಮಾತು. ಇದೇ ನಗು."

ಶರ್ವಾಣಿ ಬೇಡಿಕೊಂಡಳು. ಕಾಲು ಹಿಡಿಯಲು ಬಾಗಿದಳು. ಕುಮುದಾ ಅವಳ ತಲೆ ನೇವರಿಸಿದಳು, ಕೀಲಿ ಮಾತ್ರ ಕೊಡಲಿಲ್ಲ. ಆ ಒಂದು ತಾಸಿನಲ್ಲಿ ಅವಳು ಮಾಡಬೇಕಿದ್ದದ್ದು ಏನೂ ಇರಲಿಲ್ಲ, ಸುಮ್ಮನೆ ಕೂತಿರಬೇಕಿತ್ತು. ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಹನ್ನೆರಡಕ್ಕೆ ದಕ್ಷಿಣದ ಸಾಲಿನ ಚುಕ್ಕೆಗಳು ಒಂದೊಂದಾಗಿ ಆರಿದವು. ಶರ್ವಾಣಿ ಮಗಳ ಕೈ ಹಿಡಿದು, ತಿರುಗಿ ನೋಡದೆ ಹೊರಟುಹೋದಳು.

ಸಂಜೆಗೆ ಕುಮುದಾ ಚಾಪೆ ಸುತ್ತಿಕೊಂಡು ತಂಪುಮನೆಗೆ ಹೋಗಿ ಬಾಗಿಲ ಬಳಿ, ಗಂಡ ಮಲಗಿದ್ದ ಜಾಗದಲ್ಲೇ ಹಾಸಿದಳು. ಮನೆಯ ತಂಪು ಯಂತ್ರವನ್ನು ಬಿಚ್ಚಿಸಿ ಹಜಾರಕ್ಕೆ ಹಾಕಿಸಿದಳು. ಅದರಿಂದ ದೊಡ್ಡ ಉಪಯೋಗವೇನೂ ಆಗಲಿಲ್ಲ. ಇಳಿಸಿದ್ದು ಯಾರು ಎಂಬ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಗಿರಿಯಮ್ಮ ನೇರವಾಗಿ ಕೇಳಿದಳು.

"ಮಗಳು ಬ್ಯಾಡ ಅಂದ್ರೂ ನೀವೇ ಇಳ್ಸದ್ರಂತೆ, ಹೌದಾ?"

"ಹೌದು, ಗಿರಿಯಮ್ಮ."

ಗಿರಿಯಮ್ಮ ಚಾಪೆಯನ್ನು ಒಂದು ಮೊಳ ಆಚೆ ಎಳೆದುಕೊಂಡು ಗಂಡನ ಕಡೆ ತಿರುಗಿ ಮಲಗಿದಳು.

ಚೈತ್ರದಲ್ಲಿ ಸೆಖೆ ಏರಿತು. ವೈಶಾಖದಲ್ಲಿ ಚಾಪೆಗಳು ಒಂದೊಂದಾಗಿ ಖಾಲಿಯಾದವು. ಬೊಮ್ಮಯ್ಯನೂ ಹೋದ. ಕುಮುದಾ ಹೆಣಕ್ಕೆ ನೀರು ಹೊಯ್ಯಲು ಹೋದಾಗ ಗಿರಿಯಮ್ಮ ಚೊಂಬನ್ನು ಕೈಯಿಂದ ತೆಗೆದುಕೊಂಡು ಬೇರೆಯವರಿಗೆ ಕೊಟ್ಟಳು. ಕುಮುದಾ ಬಾಗಿಲ ಬಳಿ ವಾಪಸು ಬಂದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಯಾರು ಹೇಳಿದರೋ! ಅವಳಿಗೆ ಆಗಲಿಲ್ಲ. ತಾನೂ ಹೋಗಿಬಿಟ್ಟರೆ ಚೆನ್ನ ಎಂದು ದಿನಾ ಅನಿಸುತ್ತಿತ್ತು. ಅವಳ ಗಟ್ಟಿ ಜೀವ ಹೋಗಲೂ ಇಲ್ಲ.

ಶರ್ವಾಣಿ ಬರಲಿಲ್ಲ. ಇಂಚರಳನ್ನು ಮಾತ್ರ ಕೆಲವು ಮಧ್ಯಾಹ್ನ ಡ್ರೈವರನ ಜೊತೆ ಕಳಿಸುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ಮಕ್ಕಳೆಲ್ಲ ಜಗಲಿಯ ಮೇಲೆ ಆಡುತ್ತಿದ್ದವು. ಗಾಳಿ ದಿಕ್ಕು ಬದಲಿಸಿತು. ಇದ್ದಕ್ಕಿದ್ದಂತೆ ಮಕ್ಕಳು ಚೀರಿಕೊಂಡು ಒಳಗೆ ನುಗ್ಗಿದವು. ಇಂಚರ ಅಜ್ಜಿಯ ಮಡಿಲಲ್ಲಿ ಮುಖ ಹುಗಿದುಬಿಟ್ಟಳು.

"ಅಜ್ಜಿ, ಆಕಾಶ ಒಡ್ದದೆ! ಒಳಗೆ ಎಂತದೋ ಕಾಣ್ತದೆ!"

ಕುಮುದಾ ತಲೆ ಎತ್ತಿದಳು. ನದೀಮುಖದ ಮೇಲೆ ಬಿಳಿ ಮುಗಿಲು ಬಿರಿದು, ಚಾಪೆಯಷ್ಟು ಅಗಲ, ನೀಲಿ ಕಾಣುತ್ತಿತ್ತು.

ಒಳಗಿದ್ದ ಮುದುಕರು ಎದ್ದರು. ಬಿಸಿಲಿಗೆ ಹೋಗಬೇಡಿ ಎಂದು ದಾದಿ ಕೂಗುತ್ತಿದ್ದರೂ ಗೋಡೆ ಹಿಡಿದುಕೊಂಡು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಆ ಊರಿನಲ್ಲಿ ಆ ಬಣ್ಣದ ಗುರುತು ಇದ್ದದ್ದು ಅವರಿಗೆ ಮಾತ್ರ. ಗಿರಿಯಮ್ಮ ಬಂದು ಕುಮುದಾಳ ಪಕ್ಕದಲ್ಲಿ ನಿಂತಳು. ಬಹಳ ಹೊತ್ತು ನೋಡಿದಳು.

"ನಾ ಸಣ್ಣೋಳಿರುವಾಗ ನಮ್ಮವ್ವ ಬಟ್ಟೆ ಒಣಗ್ಸ್ತಿತ್ತಲ್ಲ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ಆ ಹಗ್ಗದ ಮೇಲ್ಗಡೆ ಇಡೀ ಇದೇ ಬಣ್ಣ ಇತ್ತು." ಗಂಡನ ಖಾಲಿ ಚಾಪೆಯ ಕಡೆ ತಿರುಗಿ, "ನಮ್ಮನೆಯವ್ರು ನೋಡ್ಬೇಕಿತ್ತು," ಎಂದಳು.

ಕುಮುದಾ ಮಡಿಲಲ್ಲಿದ್ದ ಮೊಮ್ಮಗಳ ಬೆನ್ನು ಸವರಿದಳು.

"ಹೆದ್ರಬ್ಯಾಡ, ಮಗಾ. ಒಡೀಲಿಲ್ಲ ಅದು. ಅದು ನಿಂದು."

ಇಂಚರ ಬೆರಳ ಸಂದಿಯಿಂದ ಒಂದು ಸಲ ನೋಡಿ ಮತ್ತೆ ಕಣ್ಣು ಮುಚ್ಚಿಕೊಂಡಳು. ಮತ್ತೆ ನೋಡಿದಳು.

ತೆರೆದ ಬಾಗಿಲಿನಿಂದ ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಅದನ್ನು ಮುಚ್ಚಬೇಕಿತ್ತು. ಯಾರೂ ಮುಚ್ಚಲಿಲ್ಲ.